ಒಂದೇ ಪದರದ ಕಬ್ಬಿಣ

ದಾವಣಗೆರೆ
9 ಫೆಬ್ರವರಿ 2025

ಪ್ರೀತಿಯ ಮಗಳು ಸಬಾಳಿಗೆ,

ಅಸ್ಸಲಾಮು ಅಲೈಕುಮ್. ನಾವಿಬ್ಬರೂ ಕ್ಷೇಮ. ನಿನ್ನ ಪತ್ರ ಕೈಸೇರಿ ಮೂರು ವಾರಗಳಾದವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ಕುಳಿತುಕೊಳ್ಳುವ ಮೊದಲೇ ಎದ್ದು ಉತ್ತರಿಸುತ್ತಿದ್ದ ನಾನು, ನಿನ್ನ ಒಂದು ಸಾಲಿಗೆ ಇಷ್ಟು ದಿನ ಮೌನವಾಗಿದ್ದುದಕ್ಕೆ ಕ್ಷಮೆಯಿರಲಿ. ಆ ಸಾಲು ಇದು: "ನನ್ನನ್ನು ಸಂಶೋಧನೆಗೆ ಕಳಿಸಿದವರು ನೀವು, ಅಬ್ಬಾ, ಪ್ರಬಂಧದ ಅರ್ಪಣೆಯ ಪುಟದಲ್ಲಿ ನಿಮ್ಮ ಹೆಸರು ಹಾಕಲು ಅನುಮತಿ ಕೊಡಿ."

ಮೊದಲು ಸಂತೋಷದ ವರದಿ. ಪತ್ರವನ್ನು ನಿನ್ನ ಅಮ್ಮಿಗೆ ಎರಡು ಸಲ ಓದಿ ಹೇಳಿದೆ. ಕಬ್ಬಿಣವೂ ಸೆಲೆನಿಯಮ್ಮೂ ಕೂಡಿದ ಒಂದೇ ಪದರ, ಅದಕ್ಕಿಂತ ತೆಳುವಾಗಿಸಲು ಸಾಧ್ಯವಿಲ್ಲದಷ್ಟು ತೆಳುವಾದದ್ದು, ತಣಿಸುತ್ತ ಹೋದಂತೆ ವಿದ್ಯುತ್ತಿಗೆ ಒಡ್ಡುವ ರೋಧವನ್ನೆಲ್ಲ ಬಿಟ್ಟುಕೊಟ್ಟಿತು ಎಂದೆ. ಕಬ್ಬಿಣದ ಅಂಗಡಿಯವನ ಹೆಂಡತಿಯಲ್ಲವೇ, ಅವಳು ಕೇಳಿದ್ದು ಒಂದೇ:

"ನಮ್ಮ ತಕ್ಕಡಿಯಾಗೆ ಇಟ್ರೆ ಎಷ್ಟು ತೂಗ್ತೈತ್ರಿ?"

"ಏನೂ ತೂಗಲ್ಲ."

"ಹಂಗಾರೆ ಆರು ವರ್ಷ ಏನು ಮಾಡಿದ್ಲು ಇವಳು?"

ಇಬ್ಬರೂ ನಕ್ಕೆವು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು.

ಮರುದಿನವೇ ಹರಿಹರದ ಬಸ್ಸು ಹತ್ತಿದೆ. ಕಾಲೇಜಿನಲ್ಲಿ ಪ್ರತಿ ವಿಷಯಕ್ಕೂ ನನ್ನ ಎದುರು ನಿಂತ ಶಿವಮೂರ್ತಪ್ಪನಿಗೆ ಹೇಳದ ಹೊರತು ಈ ಗೆಲುವು ಪೂರ್ಣವಾಗದು. ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದ, ಮಿರ್ಚಿ ತರಿಸಿದ. ಬಾಯಿ ಸುಟ್ಟುಕೊಳ್ಳುತ್ತಲೇ, "ಲೇ ಮಕ್ತುಮ್, ಮಗಳು ಕಬ್ಬಿಣದ ರೋಧಾನೇ ಸೊನ್ನೆಗೆ ಇಳಿಸ್ಯಾಳೆ. ನಿಂದು ಯಾವಾಗ ಇಳಿಯೋದಲೇ?" ಎಂದ. ನಾನು ಅವನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದೆ.

ಹಿಂದಿರುಗುವಾಗ ನಿನ್ನ ಇನ್ನೊಂದು ಸಾಲು ನೆನಪಾಯಿತು. ಆ ಪದರ ತಾನೊಂದೇ ಇದ್ದಿದ್ದರೆ ಇಷ್ಟನ್ನು ಸಾಧಿಸುತ್ತಿರಲಿಲ್ಲ, ಅದನ್ನು ಹೊತ್ತಿರುವ ಕೆಳಗಿನ ಹರಳಿನ ಆಸರೆಯಿಂದಲೇ ಸಾಧ್ಯವಾಯಿತು ಎಂದು ಬರೆದಿದ್ದೆ. ಪ್ರಬಂಧದಲ್ಲಿ ಆ ಹರಳನ್ನು ಹೆಸರಿಸಿರುತ್ತೀಯೆಂದು ನಂಬಿದ್ದೇನೆ.

ನೀನು ಕೇಳಿದ ಅನುಮತಿಯನ್ನು ನಾನು ಕೊಡಲಾರೆ. ಕಾರಣವನ್ನು ಸಹಿಯ ಕೆಳಗೆ ಬರೆಯುತ್ತೇನೆ.

ಅಲ್ಲಾಹನು ನಿನ್ನ ಜ್ಞಾನವನ್ನು ಹೆಚ್ಚಿಸಲಿ, ನಿನ್ನ ಕೈಗೆ ಬರಕತ್ತು ಕೊಡಲಿ.

ನಿನ್ನ ಅಬ್ಬಾ,
ಮಕ್ತುಮ್ ಸಾಬ್

ಮರೆತ ಮಾತಲ್ಲ, ಮುಚ್ಚಿಟ್ಟ ಮಾತು: ನಿನ್ನ ಅಣ್ಣ ತಾರಿಕ್ ತೀರಿಕೊಂಡ ದಿನದ ಹಿಂದಿನ ಸಂಜೆ ನೀನು ಹಾಸ್ಟೆಲಿನಲ್ಲಿದ್ದೆ. ನಿನ್ನ ಸಂಶೋಧನೆಯ ಅರ್ಜಿಯನ್ನು ತಂದು ನನ್ನ ಮುಂದಿಟ್ಟವನು ಅವನು. ನಾನು ಬೇಡವೆಂದೆ, ಅವನು ನಿನ್ನ ಪರವಾಗಿ ವಾದಿಸಿದ. ನಾನು ಐದೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಿದೆ. "ನಾಳೆ ಉತ್ತರ ಹೇಳ್ತೀನಿ, ಅಬ್ಬಾ" ಎಂದ. ಬೆಳಿಗ್ಗೆ ಬೈಕಿನಲ್ಲಿ ಹರಿಹರಕ್ಕೆ ಹೊರಟವನು ಮರಳಲಿಲ್ಲ. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಆ ಅರ್ಜಿಗೆ ಸಹಿ ಹಾಕಿದೆ. ಅದು ನನ್ನದೇ ನಿರ್ಧಾರವೆಂದು ನೀನು ತಿಳಿದೆ, ನಾನು ತಿದ್ದಲಿಲ್ಲ.

ಅವನ ಉತ್ತರ ಈಗ ನಿನ್ನ ಪತ್ರದಲ್ಲಿ ಬಂದಿದೆ. ವಾದದಲ್ಲಿ ಸೋತು ನಾನು ಇಷ್ಟು ಹಿಗ್ಗಿದ್ದನ್ನು ಶಿವಮೂರ್ತಪ್ಪನೂ ಕಂಡಿಲ್ಲ. ಆ ಪುಟದಲ್ಲಿ ತಾರಿಕ್ ಎಂದು ಬರೆ.