ಚಾಪೆಯ ಮೇಲೆ ಇಟ್ಟ ಅಂಗಿ

ಲೇಬುಹಾಲಿ, ಪೂರ್ವ ತಿಮೋರ್
೯ ಆಗಸ್ಟ್ ೨೦೦೩

ನನ್ನ ಮುದ್ದಿನ ತಮ್ಮ ಸೆಲೆಸ್ತಿನುಗೆ,

ನಿನ್ನ ಕೆಮ್ಮು ಹೇಗಿದೆ? ಗಡಿಯಾಚೆ ನಿಮ್ಮ ಶಿಬಿರದಲ್ಲಿ ನೀರು ಕೆಸರು ವಾಸನೆ ಹೊಡೆಯುತ್ತದೆ ಎಂದು ಮೀನು ಮಾರುವ ಜಾಸಿಂತಾ ಹೇಳಿದಳು. ಕಾಯಿಸಿ ಕುಡಿ. ಚಿಕ್ಕಂದಿನಿಂದ ನನ್ನ ಮಾತು ಕೇಳಿದವನಲ್ಲ ನೀನು, ಇದೊಂದಾದರೂ ಕೇಳು. ನಾನು ಗಟ್ಟಿಯಾಗಿಯೇ ಇದ್ದೇನೆ, ಮೊಣಕಾಲು ಮಾತ್ರ ಆಗಾಗ ಮುನಿಸಿಕೊಳ್ಳುತ್ತದೆ.

ಇನ್ನು ಊರಿನ ಸುದ್ದಿ. ಸತ್ಯ ಮತ್ತು ಸಾಮರಸ್ಯ ಆಯೋಗದವರು ಹೋದ ವಾರ ನಮ್ಮಲ್ಲಿಗೂ ಬಂದಿದ್ದರು. ಹಿರಿಯರು ದೊಡ್ಡ ಚಾಪೆ ಹಾಸಿದರು. ನಾಲ್ಕು ವರ್ಷದ ಹಿಂದೆ, ಸ್ವಾತಂತ್ರ್ಯದ ಮತದಾನದ ಗಲಭೆಯಲ್ಲಿ, ನಿನ್ನ ಹಾಗೆಯೇ ಬಂದೂಕಿನವರ ಜೊತೆ ಸೇರಿ ಮನೆಗಳಿಗೆ ಬೆಂಕಿ ಹಚ್ಚಿದ್ದ ಮೂವರು ಅದರ ಮೇಲೆ ಕೂತು ಎಲ್ಲರೆದುರು ತಪ್ಪು ಒಪ್ಪಿಕೊಂಡರು. ಒಬ್ಬನಂತೂ ಹೇಳುತ್ತಾ ಹೇಳುತ್ತಾ ಅತ್ತ. ಶಾಲೆಯ ಮಾಡು ಹೊದಿಸಿಕೊಡಬೇಕು ಎಂದು ತೀರ್ಮಾನವಾಯಿತು, ಎಲ್ಲರೂ ಒಂದೇ ಬುಟ್ಟಿಯ ವೀಳ್ಯ ಮೆದ್ದರು, ಅಲ್ಲಿಗೆ ಮುಗಿಯಿತು. ಈಗ ಅವರು ನಮ್ಮ ಜೊತೆಗೇ ಚಿಲುಮೆಗೆ ನೀರಿಗೆ ಬರುತ್ತಾರೆ. ವಾಪಸು ಹೋದರೆ ಕೊಲ್ಲುತ್ತಾರೆ ಎಂದು ಅಲ್ಲಿ ನಿಮ್ಮನ್ನು ಹೆದರಿಸುತ್ತಾರಂತೆ. ಇಲ್ಲಿ ಯಾರೂ ಆ ಮೂವರ ಕೂದಲು ಕೊಂಕಿಸಿಲ್ಲ. ಅವತ್ತು ಚಾಪೆಯ ಮೇಲೆ ಅವರನ್ನು ನೋಡಿ, ನೀನಿಲ್ಲವಲ್ಲ ಎಂದು ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅದಕ್ಕೇ ಒಂದು ಹುಚ್ಚು ಕೆಲಸ ಮಾಡಿದೆ. ನಿನ್ನ ನೀಲಿ ಅಂಗಿ ತಂದು ಚಾಪೆಯ ಮೇಲೆ ಹರವಿ ಅದರ ಮುಂದೆ ವೀಳ್ಯ ಇಟ್ಟೆ. ನಿನ್ನ ಪರವಾಗಿ ಕ್ಷಮೆ ಕೇಳೋಣ ಎಂದುಕೊಂಡಿದ್ದೆ. ಹೆಣ ಸಿಗದ ಸಾವಿಗಲ್ಲವೇ ನಮ್ಮಲ್ಲಿ ಬಟ್ಟೆ ಹರವುವುದು? ಆ ಗಡಿಬಿಡಿಯಲ್ಲಿ ನನಗೆ ಅದು ಹೊಳೆಯಲೇ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಮುದುಕಿಯರು ಎದೆ ಬಡಿದುಕೊಂಡು ರಾಗ ತೆಗೆದರು. ಆಗ ಮುಂದೆ ಬಂದದ್ದು ಯಾರು ಗೊತ್ತೇ? ಅನಿಸೆತು ಮಾಮ. ನೀನು ಸುಟ್ಟದ್ದು ಅವರ ಮನೆಯನ್ನೇ. ಅಂಗಿಯ ತೋಳು ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟರು ಕಣೋ.

ನೀನು ಬದುಕಿದ್ದೀಯ ಎಂದು ನಾನು ಕೂಗಿ ಹೇಳಿದ ಮೇಲೆ ಮಾಮ ಬೈದದ್ದೇ ಬೈದದ್ದು. “ಬದುಕಿರೋನ ಅಂಗಿ ಹಾಸ್ತಾರೇನೇ, ಮಂಕೆ! ಅಂಗಿ ಬಂದು ತಪ್ಪು ಒಪ್ಕೊಳ್ಳುತ್ತಾ? ಅವನನ್ನೇ ಬರಹೇಳು!” ಆಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ ಅಂದರು, “ಅವತ್ತು ಬೆಂಕಿ ಹಚ್ಚೋಕೆ ಮುಂಚೆ ಯಾರೋ ಹಿಂದುಗಡೆ ಗೋಡೆ ಬಡಿದ್ರು. ಅದಕ್ಕೇ ನಾನೂ ಮೊಮ್ಮಗಳೂ ಉಳ್ಕೊಂಡ್ವಿ. ಬಡಿದೋನು ನಿನ್ನ ತಮ್ಮನೇನಾ? ಅದೊಂದು ಗೊತ್ತಾಗ್ಬೇಕು ನಂಗೆ.”

ತಮ್ಮಾ, ಅದು ನೀನೇ ಆಗಿದ್ದರೆ ಬಂದು ಹೇಳು. ಅಲ್ಲದಿದ್ದರೆ ಅಲ್ಲ ಎಂದೇ ಹೇಳು. ಆ ಮುದುಕನನ್ನು ಮೆಚ್ಚಿಸಲು ಮಾತ್ರ ಕಥೆ ಕಟ್ಟಬೇಡ. ಸಮಯ ಕಡಿಮೆ ಇದೆ. ಮುಂದಿನ ಶುಕ್ರವಾರ ಆಯೋಗದವರು ಮತ್ತೆ ಬರುತ್ತಾರೆ, ನಮ್ಮ ಕಡೆಗೆ ಅದೇ ಕೊನೆಯ ಬೈಠಕ್ಕು. ನೀನು ಮಾಡಿದ್ದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆದರೂ ನನಗೆ ನೀನು ಬೇಕು.

ಮಾತೆ ಮರಿಯಳು ನಿನ್ನ ದಾರಿ ಕಾಯಲಿ. ನಿನ್ನ ಹಣೆಗೊಂದು ಮುತ್ತು.

ಇಂತಿ, ನಿನ್ನ ಅಕ್ಕ
ಅಗುಸ್ತಿನ್ಯಾ

ತಾ.ಕ.: ಜಾಸಿಂತಾ ಅವಸರ ಮಾಡುತ್ತಿದ್ದಾಳೆ. ಶಿಬಿರಕ್ಕೆ ಬಂದು ಕಾಗದ ಕೊಡುವವಳು ಅವಳೇ, ಆದರೆ ಗಡಿಯ ಸಂತೆಯವರೆಗೆ ಅನಿಸೆತು ಮಾಮನೂ ಅವಳ ಜೊತೆ ಬರುತ್ತಿದ್ದಾರೆ. ಅವರನ್ನು ಕಂಡರೆ ನೀನು ಓಡಿಬಿಡುತ್ತೀಯ ಎಂದು ಶಿಬಿರದೊಳಗೆ ಕಾಲಿಡುವುದಿಲ್ಲವಂತೆ. ಸಂತೆಯ ಹುಣಸೆಮರದ ಕೆಳಗೆ ಸಂಜೆಯವರೆಗೆ ಕೂತಿರುತ್ತಾರೆ. ತೆಂಗಿನ ಗರಿಯಲ್ಲಿ ಬೇಯಿಸಿದ ಅನ್ನವನ್ನು ನನ್ನ ಕೈಯಿಂದ ಕಟ್ಟಿಸಿಕೊಂಡರು. ಇಬ್ಬರಿಗಾಗುವಷ್ಟು.