ಕಿಟಕಿಯಿಲ್ಲದ ಕಿಟಕಿ ಸೀಟು

ಅಗ್ರಹಾರ, ಮೈಸೂರು
ನವೆಂಬರ್ ೨೪, ೨೦೨೪

ಪ್ರೀತಿಯ ನೀಲಾ,

ನಿನ್ನ ಕಾಗದ ದಸರಾಕ್ಕೆ ಮುಂಚೆಯೇ ಬಂತು. ಆನೆಗಳು ಅಂಬಾರಿ ಇಳಿಸಿ ಕಾಡಿಗೆ ವಾಪಸ್ಸು ಹೋದವು, ದೀಪಾವಳಿಯ ಹೊಗೆಯೂ ಆರಿತು, ನನ್ನ ಉತ್ತರ ಮಾತ್ರ ಹೊರಡಲಿಲ್ಲ. ತಪ್ಪಾಯ್ತು ಅಂತ ಕೆನ್ನೆ ಬಡಿದುಕೊಂಡಿದ್ದೀನಿ. ಶಬ್ದ ದಾವಣಗೆರೆಗೆ ಕೇಳಿಸದಿದ್ದರೆ ಅದಕ್ಕೆ ನಾನು ಹೊಣೆಯಲ್ಲ. ಫೋನು ಮಾಡಬಹುದಿತ್ತು, ಆದರೆ ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡೋದು. ವಾಟ್ಸಾಪಿನಲ್ಲಿ ಹಾಕಿದರೆ ನಿನಗಿಂತ ಮುಂಚೆ ನಿನ್ನ ಸೊಸೆ ಓದುತ್ತಾಳೆ. ಈ ಸಮಾಚಾರ ಹಾಗೆಲ್ಲ ಊರು ಸುತ್ತುವಂಥದ್ದಲ್ಲ.

ಸೇಡಿನ ಸಮಾಚಾರ. ನಮ್ಮಣ್ಣನ ಮೇಲೆ. ತೀರಿಸಿಕೊಂಡೆ ಕಣೇ!

ತಾಳು, ಮೊದಲು ನಿನ್ನ ಮಂಡಿಯ ವಿಚಾರ. ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತುತ್ತಿದ್ದೀ ಅಂತ ಬರೆದಿದ್ದೆ, ಓದಿ ಸಂತೋಷವಾಯ್ತು. ನಾನಂತೂ ಈಗಲೂ ವಾರಕ್ಕೊಂದು ಸಲ ಚಾಮುಂಡಿ ಬೆಟ್ಟ ಹತ್ತುತ್ತೀನಿ. ತಾಯಿಗೆ ಕೈಮುಗಿದು, ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆ ತಿರುಗಿ ನಿಂತು, ಎಟಿಆರ್ ಇಳಿಯೋದನ್ನ ನೋಡದೆ ಕೆಳಗಿಳಿಯಲ್ಲ. ಕಡಲೆಕಾಯಿ ಮಾರುವ ಸಾಕಮ್ಮನಿಗೂ ಇದು ರೂಢಿಯಾಗಿದೆ. "ಮೇಡಮ್ಮೋರೆ, ನಿಮ್ ಗಾಡಿ ಇವತ್ತು ಲೇಟು ಕಣ್ರೀ," ಅಂತಾಳೆ, ನಾನೇ ಹತ್ತಿ ಹೋಗಬೇಕೇನೋ ಅನ್ನೋ ಹಾಗೆ. ಯಾರು ಏನೇ ಅನ್ನಲಿ, ನನಗೆ ಆ ಪುಟ್ಟ ವಿಮಾನದ ಮೇಲೆ ಜೀವ. ಅದಕ್ಕೆ ರೆಕ್ಕೆ ತಲೆಯ ಮೇಲಿದೆ, ಕೊಡೆ ಹಿಡಿದ ಹಾಗೆ. ಹಾಗಾಗಿ ಕೂತವರಿಗೆ ಕೆಳಗಿನ ಊರು ಕಾಣಿಸುತ್ತೆ. ಎ೩೮೦ ಅಂತ ಒಂದು ಎರಡಂತಸ್ತಿನ ದೈತ್ಯ ಇದೆಯಲ್ಲ, ಅದು ಮದುವೆ ಛತ್ರ. ತುಂಬಿದರೆ ವೈಭವ, ಖಾಲಿ ಉಳಿದರೆ ಮಾಲೀಕನ ಅಳು. ನಮ್ಮ ಎಟಿಆರ್ ಮನೆಯ ಜಗಲಿ, ನಾಲ್ಕು ಜನ ಬಂದರೂ ತುಂಬಿದ ಹಾಗೆ ಕಾಣುತ್ತೆ.

ಅಣ್ಣ ಅದನ್ನ "ಫ್ಯಾನ್ ಹಾಕಿರೋ ಸಿಟಿ ಬಸ್ಸು" ಅಂತಾನೆ. ಅವನ ಪಾಲಿಗೆ ಹಾರೋದೆಲ್ಲ ಬೋಯಿಂಗ್, ವನಸ್ಪತಿಯೆಲ್ಲ ಡಾಲ್ಡಾ ಆದ ಹಾಗೆ. ಸರ್ಕಾರದ ದೊಡ್ಡ ಕುರ್ಚಿ ಬಿಟ್ಟು ಬಂದಿದ್ದಾನೆ, ಗತ್ತನ್ನ ಮಾತ್ರ ಜೊತೆಗೇ ತಂದಿದ್ದಾನೆ. 'ಗೊತ್ತಿಲ್ಲ' ಅನ್ನೋ ಮಾತು ಮಹದೇವುವಿನ ಬಾಯಲ್ಲಿ ಯಾರೂ ಕೇಳಿಲ್ಲ. ಅವನೆದುರು ವಿಮಾನದ ಮಾತು ಬಂದರೆ ನನಗೆ ಅವಮಾನ ಖಾತ್ರಿ. ನೆಂಟರ ಮದುವೆಯಲ್ಲೆಲ್ಲ ಅದೇ ಜೋಕು: "ನಮ್ಮ ಚಾಮಿ ವಿಮಾನ ನೋಡ್ತಾ ನಿಂತ್ಕೊಂಡ್ಳು, ನೋಡೋಕೆ ಬಂದಿದ್ದ ಗಂಡು ಬಸ್ ಹತ್ಕೊಂಡು ಹೊರಟೋದ!" ಮೂವತ್ತು ವರ್ಷದಿಂದ ಹಾರುತ್ತಿರುವ ಜೋಕು. ಅಷ್ಟು ಹಳೆಯ ವಿಮಾನವನ್ನ ಮರ್ಯಾದಸ್ಥ ಕಂಪನಿ ಯಾವತ್ತೋ ಗುಜರಿಗೆ ಹಾಕಿರುತ್ತಿತ್ತು.

ಅಂಥವನು ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅತ್ತಿಗೆಯನ್ನೂ ಕರೆದುಕೊಂಡು ಮನೆಗೆ ಬಂದ. ಕಾಫಿ ಬರುವ ಮುಂಚೆಯೇ ಫೋನು ನನ್ನ ಕೈಗಿಟ್ಟ.

"ಚಾಮಿ, ನಾವಿಬ್ರೂ ಡಾರ್ಜಿಲಿಂಗಿಗೆ ಹೊರಟಿದೀವಿ. ಡೆಲ್ಲಿಯಿಂದ ಬಾಗ್‌ಡೋಗ್ರಾಕ್ಕೆ ಹೋಗೋವಾಗ ದಾರೀಲಿ ಎವರೆಸ್ಟ್ ಕಾಣ್ಸುತ್ತಂತೆ. ಯಾವ ಕಡೆ ಕೂರ್ಬೇಕು?"

"ಎಡಗಡೆ ಅಣ್ಣ."

"ಅದು ನನಗೂ ಗೊತ್ತು. ಸೀಟು ಆರಿಸ್ಕೊಡು. ನಿನ್ನ ಹುಚ್ಚು ಒಂದ್ಸಲನಾದ್ರೂ ಮನೆಯೋರ ಉಪಯೋಗಕ್ಕೆ ಬರ್ಲಿ."

ಅತ್ತಿಗೆ ಪಾರ್ವತಮ್ಮ ನನ್ನ ಮುಖ ನೋಡಿ ಕಣ್ಣಲ್ಲೇ ಬೇಜಾರು ಮಾಡ್ಕೋಬೇಡ ಅಂದರು. ಬೇಜಾರೆಲ್ಲಿ ಬಂತು? ದೇವರು ತಾನಾಗೇ ಬಾಗಿಲು ತೆರೆದಿದ್ದ. ಬಾಗಿಲು ತೆರೆದ ಅಂದರೆ ತಪ್ಪಾಗುತ್ತೆ, ಕಿಟಕಿ ಮುಚ್ಚಿದ್ದ. ಅಣ್ಣ ಆಗಲೇ ತನ್ನ ವಾಕಿಂಗ್ ಗುಂಪಿಗೆಲ್ಲ "ಎವರೆಸ್ಟನ್ನ ಸರಿಸಮಕ್ಕೆ ಕೂತು ನೋಡ್ಕೊಂಡು ಬರ್ತೀನಿ" ಅಂತ ಡಂಗುರ ಹೊಡೆದಿದ್ದ. ಬದುಕಿನಲ್ಲಿ ಅವನು ಇಷ್ಟು ಆಸೆಪಟ್ಟಿದ್ದನ್ನ ನಾನು ನೋಡಿರಲಿಲ್ಲ.

ಇಲ್ಲೊಂದು ಸಣ್ಣ ಪಾಠ, ಆಕಳಿಸಬೇಡ. ಅಗ್ಗದ ಟಿಕೆಟ್ಟಿನ ಕಂಪನಿಗಳು ಸಾಮಾನ್ಯವಾಗಿ ಒಂದೇ ಜಾತಿಯ ವಿಮಾನ ಸಾಕುತ್ತವೆ. ಪೈಲಟ್ಟುಗಳಿಗೆ ಒಂದೇ ತರಬೇತಿ, ರಿಪೇರಿಗೆ ಒಂದೇ ಸಾಮಾನು. (ಜಾತಿಯಿಂದ ದೇಶಕ್ಕೆ ಲಾಭವಾಗಿರೋ ಜಾಗ ಇದೊಂದೇ ಅಂತ ಅರ್ಥಶಾಸ್ತ್ರದ ಪಾಠ ಮಾಡುವಾಗ ಹೇಳಿ ನಾನು ಪ್ರಿನ್ಸಿಪಾಲರ ಹತ್ತಿರ ಬೈಸಿಕೊಂಡಿದ್ದು ನೆನಪಿದೆಯಾ?) ಈಗ ಕಂಪನಿಗಳು ಒಂದನ್ನೊಂದು ನುಂಗಿಕೊಂಡು ಎಲ್ಲ ಕಲಸುಮೇಲೋಗರ. ಈ ತಿಂಗಳು ತಾನೇ ನನಗಿಷ್ಟವಾಗಿದ್ದ ಒಂದು ನೇರಳೆ ಬಾಲ ಆಕಾಶದಿಂದ ಮಾಯವಾಯ್ತು, ಗಂಡನ ಮನೆಯ ಹೆಸರು ಇಟ್ಟುಕೊಂಡು. ಅಣ್ಣ ಟಿಕೆಟ್ ತೆಗೆದಿದ್ದ ಕಂಪನಿಯದೂ ಸಮ್ಮಿಶ್ರ ಸರ್ಕಾರವೇ. ಒಂದಷ್ಟು ಏರ್‌ಬಸ್, ಒಂದಷ್ಟು ಬೋಯಿಂಗ್ ೭೩೭.

೭೩೭ ಅಂದರೆ ನನಗೆ ಮುದ್ದು. ನೆಲಕ್ಕೆ ತಾಗದಿರಲಿ ಅಂತ ಅದರ ಎಂಜಿನ್ನಿನ ತಳವನ್ನ ಚಪಾತಿ ಹಿಟ್ಟಿನ ಉಂಡೆ ಒತ್ತಿದ ಹಾಗೆ ಒತ್ತಿರುತ್ತಾರೆ. ಅದರಲ್ಲಿ ಇನ್ನೊಂದು ಗುಟ್ಟಿದೆ. ಹೊಟ್ಟೆಯಿಂದ ತಣ್ಣನೆ ಗಾಳಿಯನ್ನ ಚಾವಣಿಗೆ ಒಯ್ಯುವ ಕೊಳವೆ ರೆಕ್ಕೆಗಿಂತ ಸ್ವಲ್ಪ ಮುಂದೆ, ಗೋಡೆಯ ಒಳಗೇ ಮೇಲೇರುತ್ತೆ. ಕೊಳವೆ ಇರುವ ಕಡೆ ಕಿಟಕಿ ಇಡೋಕಾಗಲ್ಲ, ಆದರೆ ಸೀಟು ಇಡಬಹುದಲ್ಲ? ಇಟ್ಟಿದ್ದಾರೆ. ಫೋನಿನ ನಕ್ಷೆಯಲ್ಲಿ ಅದು ಕಿಟಕಿ ಸೀಟು, ಹೋಗಿ ಕೂತರೆ ಪಕ್ಕದಲ್ಲಿ ಬೋಳು ಗೋಡೆ. ಯಾವ ಸಾಲು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಅಣ್ಣನ ವಿಮಾನದಲ್ಲಿ ಹನ್ನೊಂದು ಎ. ನನ್ನಂಥ ತಲೆತಿರುಕರು ಇಂಥ ಸೀಟುಗಳನ್ನ ತಿಳಿದುಕೊಳ್ಳೋದೇ ಅದರಲ್ಲಿ ಕೂರದೆ ತಪ್ಪಿಸಿಕೊಳ್ಳೋಕೆ. ನಾನು ಹುಡುಕಿಕೊಂಡು ಹೋಗಿ ಅದನ್ನೇ ಒತ್ತಿದೆ.

ಅಣ್ಣನಿಗೆ ಹನ್ನೊಂದು ಎ. ಅದರ ಹಿಂದಿನ ಹನ್ನೆರಡು ಎ ಅತ್ತಿಗೆಗೆ.

"ಇಬ್ಬರಿಗೂ ಕಿಟಕಿ ಅಣ್ಣ."

"ಒಳ್ಳೇದಾಯ್ತು. ಇವಳು ನನ್ನ ಮೈಮೇಲೆ ಬಗ್ಗಿ ಬಗ್ಗಿ ನೋಡೋದು ತಪ್ತು."

ಹೊರಡುವ ದಿನ ಬಂತು. ನನ್ನ ಭಯ ಒಂದೇ, ಕಂಪನಿಯವರು ಕೊನೆ ಗಳಿಗೆಯಲ್ಲಿ ವಿಮಾನ ಬದಲಾಯಿಸಿ ಏರ್‌ಬಸ್ ಕಳಿಸಿಬಿಟ್ಟರೆ? ಏರ್‌ಬಸ್ಸಿನ ಹನ್ನೊಂದು ಎಗೆ ಲಕ್ಷಣವಾದ ಕಿಟಕಿ ಇರುತ್ತೆ. ಬೆಳಿಗ್ಗೆ ಎದ್ದವಳೇ ವಿಮಾನ ಹುಡುಕೋ ಆಪ್ ತೆಗೆದು ಕೂತೆ. ಹಿಂದಿನ ದಿನ ಆ ದಾರಿಯಲ್ಲಿ ಏರ್‌ಬಸ್ಸೇ ಹೋಗಿತ್ತು! ಉಪ್ಪಿಟ್ಟು ತಳ ಹಿಡಿಯಿತು. ತಾಯಿ ಚಾಮುಂಡಿಗೆ ಒಂದು ತೆಂಗಿನಕಾಯಿ ಹರಕೆ ಹೊತ್ತೆ. ಇಂಥ ಹರಕೆಯನ್ನ ತಾಯಿ ಕೇಳಿಸಿಕೊಳ್ಳುತ್ತಾಳಾ ಅಂತ ನೀನು ಕೇಳಬಹುದು. ಅವಳೇನು ಮಹಿಷನಿಗೆ ಬುದ್ಧಿಮಾತು ಹೇಳಿ ಕಳಿಸಿದವಳಾ? ಅವಳ ಹೆಸರನ್ನೇ ನನಗಿಟ್ಟಿರೋದು. ಸ್ವಲ್ಪ ಹೊತ್ತಿಗೆ ವಿಮಾನದ ಗುರುತು ಬಂತು, ೭೩೭. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಚಪ್ಪಾಳೆ ತಟ್ಟಿದೆ. ತಳಹಿಡಿದ ಉಪ್ಪಿಟ್ಟು ಅಮೃತದ ಹಾಗಿತ್ತು.

ವಿಮಾನದೊಳಗಿನ ಕಥೆಯನ್ನ ಆಮೇಲೆ ಅತ್ತಿಗೆ ಹೇಳಿದರು. "ಕೂತ ತಕ್ಷಣ ಗೋಡೆ ತಟ್ಟಿ ನೋಡಿದ್ರು ಕಣಮ್ಮ. ಎಲ್ಲಾದ್ರೂ ಸರಿಯುತ್ತೇನೋ ಅಂತ ಉಗುರಲ್ಲಿ ಕೆರೆದ್ರು. ಆಮೇಲೆ ಗಗನಸಖೀನ ಕರೆದು, ಇದ್ರ ಪರದೆ ಎಲ್ಲಮ್ಮಾ ಅಂದ್ರು. ಆ ಹುಡುಗಿ, ಸಾರ್, ಈ ಸೀಟಿಗೆ ಕಿಟಕಿನೇ ಇಲ್ಲ ಅಂದ್ಲು. ಇವ್ರು ಏನಂದ್ರು ಗೊತ್ತಾ? 'ಅದು ನನಗೂ ಗೊತ್ತು, ಸುಮ್ನೆ ಕೇಳ್ದೆ!'"

ಎವರೆಸ್ಟ್ ಬಂತು ಅಂತ ಪೈಲಟ್ ಹೇಳಿದಾಗ ಅಣ್ಣ ಹಿಂದಕ್ಕೆ ತಿರುಗಿ, "ಪಾರ್ವತಿ, ಒಂದ್ನಿಮಿಷ ಜಾಗ ಬುಡು" ಅಂದನಂತೆ. "ಬೆಲ್ಟ್ ಹಾಕ್ಕೊಂಡ್ಬುಟ್ಟಿದೀನಿ, ಬಿಚ್ಚೋಕೆ ಬರಲ್ಲ" ಅಂದರಂತೆ ಅತ್ತಿಗೆ.

"ನಿಜವಾಗ್ಲೂ ಬರ್ತಿರ್ಲಿಲ್ವಾ ಅತ್ತಿಗೆ?"

"ಚೆನ್ನಾಗಿ ಬರ್ತಿತ್ತು," ಅಂದು ಸೆರಗಲ್ಲಿ ಬಾಯಿ ಮುಚ್ಚಿಕೊಂಡರು. ಬೆಟ್ಟ ಮುಗಿಯೋವರೆಗೂ ಹಣೆಯನ್ನ ಗಾಜಿಗೆ ಒತ್ತಿಕೊಂಡೇ ಇದ್ದರಂತೆ. ಅಷ್ಟು ವರ್ಷದ ಸಂಸಾರದಲ್ಲಿ ಅವರಿಗೂ ಒಂದು ಬಾಕಿ ಇತ್ತೇನೋ, ನಾನು ಕೇಳಲಿಲ್ಲ.

ಇನ್ನು ಹೋದ ಭಾನುವಾರ. ಅಣ್ಣನ ಮನೆಯಲ್ಲಿ ನೆಂಟರಿಗೆಲ್ಲ ಊಟ, ಊಟದ ನೆಪದಲ್ಲಿ ಎವರೆಸ್ಟ್. ಅತ್ತಿಗೆ ತೆಗೆದಿದ್ದ ಫೋಟೋಗಳನ್ನ ತನ್ನ ಫೋನಿಗೆ ಹಾಕಿಸಿಕೊಂಡು ಎಲ್ಲರಿಗೂ ತೋರಿಸುತ್ತಿದ್ದ.

"ಕಿಟಕಿ ತುಂಬಾ ಎವರೆಸ್ಟೇ ಕಣ್ರಪ್ಪ! ಕೈ ಚಾಚಿದ್ರೆ ಸಿಕ್ಬುಡೋ ಹಂಗೆ!"

"ಕಿಟಕಿ ಎಷ್ಟು ದೊಡ್ಡದಿತ್ತಣ್ಣ?" ಅಂದೆ ನಾನು, ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಾ.

"ಬೋಯಿಂಗ್ ಅಲ್ವಾ, ದೊಡ್ಡದೇ."

"ಗಾಜು ಶುಭ್ರವಾಗಿತ್ತಾ?"

"ಗಾಜೇ ಇಲ್ಲ ಅನ್ನೋ ಹಂಗಿತ್ತು!"

"ಅದನ್ನ ನಂಬ್ತೀನಿ," ಅಂದೆ. ಬಡಿಸುತ್ತಿದ್ದ ಅತ್ತಿಗೆಗೆ ಕೆಮ್ಮು ಬಂದು ಅಡುಗೆಮನೆಗೆ ಓಡಿದರು.

ಅಲ್ಲೇ ಹೇಳಿಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಹೇಳಿದರೆ ಸೇಡು ಅವತ್ತಿಗೇ ಮುಗಿದುಹೋಗುತ್ತೆ, ಎಲ್ಲರೂ ನಕ್ಕು ಪಾಯಸ ಕುಡಿದು ಮನೆಗೆ ಹೋಗುತ್ತಾರೆ. ಹೇಳದಿದ್ದರೆ? ಅವನು ಹೋದಲ್ಲೆಲ್ಲ ಎವರೆಸ್ಟನ್ನ ಹೊತ್ತುಕೊಂಡು ತಿರುಗಬೇಕು. ಯಾರು ಕೇಳಿದರೂ ಇಳಿಸಿ ತೋರಿಸಬೇಕು, ಮತ್ತೆ ಹೊರಬೇಕು. ನಾನು ಎದುರಿಗೆ ಕೂತಿದ್ದರಂತೂ ಅದರ ತೂಕ ಎರಡರಷ್ಟು.

ಹೊರಡುವಾಗ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಬಾಗಿಲ ಹತ್ತಿರ ಬಂದು ನಿಂತ. ದನಿ ತಗ್ಗಿಸಿ, "ಚಾಮಿ, ಆ ಸೀಟು... ನಿನಗೆ ಗೊತ್ತಿತ್ತಾ?" ಅಂದ.

"ಏನು ಗೊತ್ತಿತ್ತಾ ಅಣ್ಣ?"

ಅಲ್ಲಿ ಕಿಟಕಿ ಇಲ್ಲ ಅಂತ ತನಗೆ ಗೊತ್ತಿರಲಿಲ್ಲ ಅಂತ ಅವನು ಬಾಯಿಬಿಟ್ಟು ಅನ್ನಬೇಕಾಗಿತ್ತು, ಆಗ ನಾನು ಗೊತ್ತಿತ್ತು ಅನ್ನುತ್ತಿದ್ದೆ. ಅವನೋ, "ಏನಿಲ್ಲ ಬುಡು," ಅಂದ. ಅಷ್ಟರಲ್ಲಿ ಹಿಂದಿನಿಂದ ನಮ್ಮ ದೊಡ್ಡಮ್ಮನ ಮಗ ರಾಜೇಶ್, "ಮಹದೇವಣ್ಣ, ಮುಂದಿನ ಟ್ರಿಪ್ ಯಾವಾಗ?" ಅಂತ ಕೂಗಿದ. ಅಣ್ಣ ಏನು ಮಾಡುತ್ತಾನೆ? "ಏಪ್ರಿಲಲ್ಲಿ ಲೇಹ್‌ಗೆ. ಸೀಟು ನಮ್ಮ ಚಾಮಿನೇ ಆರಿಸ್ತಾಳೆ!" ಅಂತ ಎಲ್ಲರಿಗೂ ಕೇಳಿಸೋ ಹಾಗೆ ಹೇಳಿದ. ಬೇಡ ಅಂದರೆ ಯಾಕೆ ಬೇಡ ಅಂತ ಹೇಳಬೇಕಾಗುತ್ತಲ್ಲ.

ಕಾಗದ ಉದ್ದವಾಯ್ತು. ಸಾಕಮ್ಮ ನಿನ್ನನ್ನ ಕೇಳಿದಳು ಅಂತ ಹೇಳಲು ಮರೆತೆ. ಮೊಮ್ಮಗಳು ಲಾಸ್ಯಳಿಗೆ ನನ್ನ ಮುತ್ತು, ಅವಳಿಗೆ ವಿದ್ಯೆ ಬುದ್ಧಿಯ ಜೊತೆ ಸ್ವಲ್ಪ ತರಲೆಯನ್ನೂ ತಾಯಿ ಕೊಡಲಿ. ನಿನ್ನ ಮಂಡಿ ಉಕ್ಕಿನದಾಗಲಿ, ನಿನ್ನ ಯಜಮಾನರ ಸಕ್ಕರೆ ಡಬ್ಬಿಯಲ್ಲಷ್ಟೇ ಇರಲಿ. ಬೇಗ ಮೈಸೂರಿಗೆ ಬಾ, ಬೆಟ್ಟಕ್ಕೆ ಹೋಗೋಣ.

ಇತಿ ನಿನ್ನ
ಚಾಮಿ (ಚಾಮುಂಡೇಶ್ವರಿ)

ಮತ್ತೆ: ಹಳಸಲು ಜೋಕೊಂದಕ್ಕೆ ಇಷ್ಟು ದೊಡ್ಡ ಸೇಡಾ ಅಂತ ನೀನು ಕೇಳೇ ಕೇಳುತ್ತೀಯ. ಅದಕ್ಕಲ್ಲ ನೀಲಾ. ನಮ್ಮಪ್ಪನನ್ನ ಅಣ್ಣ ಒಂದು ಸಲ ಪುಣೆಗೆ ವಿಮಾನದಲ್ಲಿ ಕರೆದುಕೊಂಡು ಹೋಗಿದ್ದನಲ್ಲ, ಚಿಕ್ಕಪ್ಪನ ಮಗಳ ಮದುವೆಗೆ. ಮೇಟಗಳ್ಳಿ ಕಾರ್ಖಾನೆಯಿಂದ ಬರುವಾಗ ಆಕಾಶದಲ್ಲಿ ಸದ್ದಾದರೆ ಸೈಕಲ್ಲಿನಿಂದ ಇಳಿದು ನಿಂತು ನೋಡುತ್ತಿದ್ದ ನಮ್ಮಪ್ಪ ರಾಮಯ್ಯನವರು ಜೀವಮಾನದಲ್ಲಿ ಹತ್ತಿದ್ದು ಅದೊಂದೇ ಸಲ. ಬಂದವರು ಬೀದಿಗೆಲ್ಲ ಹೇಳಿದರು, ಮೋಡ ಹತ್ತಿಯ ಗಾಡಿ ಮಗುಚಿದ ಹಾಗಿತ್ತು, ಹೊಳೆ ನೂಲೆಳೆಯಷ್ಟೇ ಇತ್ತು ಅಂತ. ನೀನೂ ನಮ್ಮ ಜಗಲಿಯಲ್ಲಿ ಕೂತು ಕೇಳಿದ್ದೀಯ. ಅವತ್ತು ನೀನು ಹೋದಮೇಲೆ ನಾನು ಆಸೆಯಿಂದ, "ಇಳಿಯುವಾಗ ರೆಕ್ಕೆಯ ಹಿಂಭಾಗ ಬಿಚ್ಚಿಕೊಳ್ಳುತ್ತಲ್ಲ, ನೋಡಿದ್ರಾ ಅಪ್ಪ?" ಅಂದೆ. ಅಪ್ಪ ಬೀದಿಯ ಕಡೆ ಒಮ್ಮೆ ನೋಡಿಕೊಂಡರು. ಆಮೇಲೆ, "ಮಹದೇವು ಕಿಟಕಿ ಪಕ್ಕ ಕೂತಿದ್ದ ಕಣಮ್ಮ. ಹತ್ತಿದೇಟ್ಗೆ ಪರದೆ ಎಳ್ಕೊಂಡು ಮಲಗ್ಬುಟ್ಟ. ಹೋಗ್ತಾನೂ ಅಷ್ಟೇ, ಬರ್ತಾನೂ ಅಷ್ಟೇ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ನೀನು ಯಾರ್ಗೂ ಹೇಳ್ಬೇಡ," ಅಂದರು.

ಹೇಳಿರಲಿಲ್ಲ, ಇವತ್ತಿನವರೆಗೂ. ಅಪ್ಪ ಇರುವಷ್ಟು ದಿನ ಯಾರು ಕೇಳಿದರೂ ಆ ಮೋಡದ ಕಥೆ ಹೇಳುತ್ತಿದ್ದರು. ಕೇಳಿದವರು ಎದ್ದು ಹೊರಡುವಾಗ ಪ್ರತಿ ಸಲವೂ ಒಂದು ಮಾತು ಸೇರಿಸುತ್ತಿದ್ದರು: "ನಮ್ ಮಹದೇವು ನನ್ನನ್ನ ಕಿಟಕಿ ಪಕ್ಕಾನೇ ಕೂರಿಸಿದ್ದ ಕಣ್ರಪ್ಪ."