ಹುಲ್ಲುಬಣವೆಯಲ್ಲಿದ್ದ ನಾಲ್ಕು ಚಕ್ರಗಳು

ಹೊಸನಗರ
27-3-1963, ಬುಧವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ ಹೂವಮ್ಮ ಮಾಡುವ ನಮಸ್ಕಾರಗಳು.

ಕಾಲು ಹೇಗಿದೆ? ತೊಡೆಗೆ ಕಟ್ಟಿ ಇಳಿಬಿಟ್ಟ ತೂಕವನ್ನು ಡಾಕ್ಟರು ಕಡಿಮೆ ಮಾಡಿದರೇ? ನಿಮ್ಮ ತಮ್ಮ ಪುಟ್ಟಪ್ಪ ಬರೆದ ಕಾರ್ಡಿನಲ್ಲಿ ‘ಅಣ್ಣ ಅರಾಮು ಇದಾನೆ’ ಎಂಬ ಒಂದು ಸಾಲು ಬಿಟ್ಟರೆ ಉಳಿದದ್ದೆಲ್ಲ ಮಂಗಳೂರಿನ ಮೀನಿನ ವರ್ಣನೆ. ನಿಮ್ಮನ್ನು ನೋಡಿಕೊಳ್ಳಲು ಹೋದವನೋ ಮೀನು ತಿನ್ನಲು ಹೋದವನೋ, ಒಂದು ಸಲ ವಿಚಾರಿಸಿ. ಅತ್ತೆಯ ಉಬ್ಬಸ ಈ ಸೆಕೆಗೆ ಪರವಾಗಿಲ್ಲ. ದಿನಾ ಬೆಳಗೆದ್ದು ‘ಮಾರಪ್ಪ ನೆಲಕ್ಕೆ ಕಾಲು ಊರಿದ್ನೇನೆ?’ ಎಂದು ನನ್ನನ್ನು ಕೇಳುತ್ತಾರೆ, ಇಲ್ಲಿ ಕೂತ ನನಗೆ ಮಂಗಳೂರು ಕಾಣುವ ಹಾಗೆ. ಈ ಕಾಗದವನ್ನು ಮಾತ್ರ ನೀವೇ ಓದಿಕೊಳ್ಳಿ. ಪುಟ್ಟಪ್ಪನ ಕೈಗೆ ಕೊಟ್ಟರೆ ಗಟ್ಟಿಯಾಗಿ ಓದಿ ವಾರ್ಡಿಗೆಲ್ಲ ಕೇಳಿಸುತ್ತಾನೆ.

ನನಗೆ ಭಯವಾಗಿದೆ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಕಾರಿನ ವಿಷಯ. ಇನ್ಶೂರೆನ್ಸ್ ಕಂಪನಿಯವರು ನಮ್ಮ ಲ್ಯಾಂಡ್‌ಮಾಸ್ಟರನ್ನು ‘ಪೂರ್ತಿ ನಷ್ಟ’ ಎಂದು ಬರೆದು ಕೈತೊಳೆದುಕೊಂಡದ್ದು, ಪರಿಹಾರ ಕೊಟ್ಟ ಮೇಲೆ ಗುಜರಿ ಕಂಪನಿಯದಾಗುತ್ತದೆ ಎಂದದ್ದು, ಬೇಕಾದರೆ ಆರುನೂರು ರೂಪಾಯಿ ಮುರಿದುಕೊಂಡು ನಮಗೇ ಬಿಟ್ಟುಕೊಡುತ್ತೇವೆ ಎಂದದ್ದು ನಿಮಗೆ ಗೊತ್ತೇ ಇದೆ. ಮಲಗಿದಲ್ಲಿಂದಲೇ ನೀವು ಬರೆಸಿದಿರಿ, ‘ಏನಾದರೂ ಮಾಡು, ಕಾರು ಮಾತ್ರ ಬಿಡಬೇಡ’ ಎಂದು. ಹೆಂಡತಿ ಮಕ್ಕಳ ಕ್ಷೇಮ ಎರಡನೇ ಸಾಲಿನಲ್ಲಿತ್ತು, ಇರಲಿ. ನೀವು ಕಳಿಸಿದ ಅಧಿಕಾರ ಪತ್ರ ಹಿಡಿದುಕೊಂಡು ಏಜೆಂಟ್ ಸುಬ್ಬರಾಯರು ತೋರಿಸಿದ ಕಡೆಯಲ್ಲೆಲ್ಲ ನಾನು ರುಜು ಹಾಕಿದೆ. ಇಂಗ್ಲಿಷಿನಲ್ಲಿದ್ದ ಒಂದು ಹಾಳೆಯ ಅರ್ಥ ಕೇಳಿದ್ದಕ್ಕೆ, ಗದ್ದೆಯಲ್ಲಿ ಬಿದ್ದಿರುವ ಗುಜರಿ ಬಿಟ್ಟು ಕಾರಿನ ಬೇರೆ ಯಾವ ಸಾಮಾನೂ ನಿಮ್ಮ ಹತ್ತಿರವಾಗಲೀ ನಿಮ್ಮ ಕಡೆಯವರ ಹತ್ತಿರವಾಗಲೀ ಇಲ್ಲ ಅಂತ ಬರೆದಿದೆ ಅಮ್ಮಾ ಎಂದರು. ನಮ್ಮ ಹತ್ತಿರ ಏನಿದ್ದೀತು, ನಿಮ್ಮ ರಕ್ತವಾದ ಅಂಗಿಯೊಂದು ಬಿಟ್ಟು? ಧೈರ್ಯವಾಗಿ ರುಜು ಹಾಕಿದೆ.

ಹೋದ ತಿಂಗಳು ಸಾಗರದಿಂದ ಮೆಕ್ಯಾನಿಕ್ ದುಗ್ಗಪ್ಪ ಲಾರಿ ತಂದ. ಅವನ ಜೊತೆ ನಾನೂ ಕವಲೇದುರ್ಗದ ಕೆಳಗಿನ ಆ ತಿರುವಿಗೆ ಹೋದೆ. ಮೋರಿಯ ಕಲ್ಲು ಕಿತ್ತುಹೋದ ಜಾಗ ನೋಡಿ ನಿಂತಲ್ಲೇ ಕೈಮುಗಿದೆ. ಆ ಗದ್ದೆಗೆ ಬಿದ್ದೂ ನೀವು ಬರಿ ತೊಡೆ ಮುರಿದುಕೊಂಡಿರಿ ಎಂದರೆ ಅತ್ತೆ ಹೊತ್ತ ಹರಕೆಗಳಲ್ಲಿ ಒಂದಾದರೂ ಸರಿಯಾದ ದೇವರಿಗೆ ಮುಟ್ಟಿರಬೇಕು. ಕಾರಿನಲ್ಲಿ ಉಳಿದಿದ್ದು ತಗಡು, ಚಾಸಿ ಮತ್ತು ಎಂಜಿನ್ನಿನ ಅರೆಬರೆ. ಚಕ್ರವಿಲ್ಲ, ದೀಪವಿಲ್ಲ, ಬ್ಯಾಟರಿ, ಡೈನಮೋ, ಸೀಟು ಒಂದೂ ಇಲ್ಲ. ಕಳ್ಳರ ಮನೆ ಹಾಳಾಗ ಎಂದು ಬೈಯುತ್ತಾ ನಿಂತಿದ್ದೆ. ಅಷ್ಟರಲ್ಲಿ ಗದ್ದೆಯ ಅಂಚಿನ ಮನೆಯ ಮಾಸ್ತಪ್ಪ ಅಂಚು ಹತ್ತಿಕೊಂಡು ಬಂದ. ‘ಹೂವಮ್ಮ, ಲಾರಿ ಹಂಗೇ ಖಾಲಿ ಕಳಿಸ್ಬ್ಯಾಡ, ನಿಂದು ಸಾಮಾನು ಐತೆ’ ಎಂದು ಬಣವೆಯ ಹುಲ್ಲು ಸರಿಸಿದ. ಒಳಗೆ ನಾಲ್ಕೂ ಚಕ್ರ! ಅವನ ಹೆಂಡತಿ ಕನ್ನಮ್ಮ ಅಕ್ಕಿಯ ಕಣಜಕ್ಕೆ ಕೈಹಾಕಿ, ಹಳೇ ಸೀರೆಯಲ್ಲಿ ಸುತ್ತಿದ ದೀಪಗಳನ್ನು ತೆಗೆದಳು. ಬ್ಯಾಟರಿ ದೇವರ ಮೂಲೆಯಲ್ಲಿತ್ತು, ಕುಂಕುಮ ಇಟ್ಟಿದ್ದರು. ಆಚೆ ಮನೆಯವರು ಸೀಟು ಹೊತ್ತು ತಂದರು, ಅದರಾಚೆಯವರು ಡೈನಮೋ. ತೀರ್ಥಹಳ್ಳಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಮಾಸ್ತಪ್ಪನ ಅಳಿಯ, ನಿಮ್ಮನ್ನು ಆಸ್ಪತ್ರೆಗೆ ಸಾಗಿಸಿದ ಮಾರನೆಯ ದಿನವೇ ಸ್ಪ್ಯಾನರು ತಂದು ಒಂದೊಂದಾಗಿ ಎಲ್ಲ ಬಿಚ್ಚಿ ಮನೆಮನೆಗೆ ಹಂಚಿದ್ದನಂತೆ. ಒಂದು ನಟ್ಟೂ ಕಳೆದಿರಲಿಲ್ಲ. ನಟ್ಟುಗಳನ್ನು ಉಪ್ಪಿನಕಾಯಿ ಜಾಡಿಯಲ್ಲಿ ಎಣ್ಣೆ ಹಾಕಿ ಇಟ್ಟಿದ್ದರು.

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಮೊದಲು ಸಂತೋಷಕ್ಕೆ. ಮಾಸ್ತಪ್ಪ ಉಳಿದ ಕಥೆ ಹೇಳಿದ ಮೇಲೆ ಆ ಅಳುವಿನ ಕಾರಣವೇ ಬದಲಾಯಿತು. ಅಪಘಾತವಾದ ಎಂಟನೇ ದಿನ ಕಂಪನಿಯ ಸರ್ವೇಯರು ಅಲ್ಲಿಗೆ ಹೋಗಿದ್ದರಲ್ಲ, ಪ್ಯಾಂಟು, ಟೋಪಿ, ಬಗಲಲ್ಲಿ ಚರ್ಮದ ಚೀಲ. ಕಾರಿನ ಸುತ್ತ ಸುತ್ತುತ್ತಾ ಪುಸ್ತಕದಲ್ಲಿ ಒಂದೊಂದೇ ಬರೆದುಕೊಂಡರಂತೆ. ಅಂಥವರು ಒಂದೇ ಕೆಲಸಕ್ಕೆ ಬಂದದ್ದನ್ನು ಆ ಕೇರಿಯವರು ನೋಡಿದ್ದಾರೆ. ಗೇಣಿ ಬಾಕಿಗೆ ಒಡೆಯರ ಕಡೆಯಿಂದ ಕೋರ್ಟಿನ ಅಮೀನ ಜಪ್ತಿಗೆ ಬರುತ್ತಿದ್ದ ಕಾಲದಲ್ಲಿ, ಅವನು ಊರ ಗಡಿಯ ಹತ್ತಿರ ಕಂಡರೆ ಸಾಕು, ಪಕ್ಕದ ಮನೆಯವರು ಓಡಿ ಬಂದು ತಪ್ಪಲೆ, ಕೊಡ, ಬೀಜದ ಭತ್ತ ಎಲ್ಲ ಹೊತ್ತೊಯ್ದು ತಮ್ಮಲ್ಲಿ ಅಡಗಿಸುವುದು ವಾಡಿಕೆ. ಕೇಳಿದರೆ ಗೊತ್ತಿಲ್ಲ ಎನ್ನುವುದು, ಅಮೀನ ಹೋದ ಮೇಲೆ ಎಣಿಸಿ ವಾಪಸು ಕೊಡುವುದು. ನನ್ನ ತವರಲ್ಲೂ ಹಾಗೇ ಇತ್ತು, ನಾನೇ ಚಿಕ್ಕಮ್ಮನ ಚೆಂಬು ಲಂಗದಲ್ಲಿ ಮುಚ್ಚಿಕೊಂಡು ಓಡಿದ್ದೇನೆ. ಸರ್ವೇಯರು ಚಕ್ರ ಎಲ್ಲಿ ಎಂದು ಕೇಳಿದಾಗ ಮಾಸ್ತಪ್ಪ ಬಣವೆಗೆ ಬೆನ್ನು ಕೊಟ್ಟು ನಿಂತು, ‘ನಮ್ಗೆಂತ ಗೊತ್ತು ಸ್ವಾಮೇರಾ, ಕಾಡು ಊರು’ ಎಂದನಂತೆ. ಕೇರಿಯವರೆಲ್ಲ ಅದನ್ನೇ ಹೇಳಿದರಂತೆ. ‘ಕಾಲು ಮುರ್ಕಂಡು ಮಲಗಿರೋನ ಗಾಡೀನೂ ಜಪ್ತಿ ಮಾಡಾಕೆ ಬಂದ್ರಲ್ಲ, ಬಿಟ್ಟೇವಾ?’ ಎಂದು ಮಾಸ್ತಪ್ಪ ನನ್ನೆದುರು ಎದೆ ಉಬ್ಬಿಸಿ ಹೇಳಿದ. ಅವನ ಮಗಳ ಹೆರಿಗೆಗೆ ನೀವು ಬಾಡಿಗೆ ಕೇಳದೆ ತೀರ್ಥಹಳ್ಳಿಗೆ ಕರೆದೊಯ್ದದ್ದನ್ನು ಅವನು ಮರೆತಿಲ್ಲ. ಕಾರು ಪೂರ್ತಿ ನಷ್ಟ ಎಂದು ಕಂಪನಿ ಬರೆದದ್ದು ಆ ಸಾಮಾನು ಕಳುವಾಗಿದೆ ಎಂದುಕೊಂಡೇ ಎಂದು ಅವನಿಗೆ ಹೇಗೆ ತಿಳಿಸಲಿ? ಕನ್ನಮ್ಮ ಕೊಟ್ಟ ಕಾಫಿ ಕುಡಿದು ಬಂದೆ.

ದುಗ್ಗಪ್ಪನಿಗೆ ಎಷ್ಟು ಸಲ ಹೇಳಿದೆ, ಸ್ವಲ್ಪ ತಡಿ ಎಂದು. ಅವನೋ ಹಬ್ಬ ಬಂದ ಹಾಗೆ ರಿಪೇರಿಗೆ ಕೂತ. ಸೋಮವಾರ ಸುಬ್ಬರಾಯರು ಸಾಗರದಲ್ಲಿ ಅವನ ಶೆಡ್ಡಿನ ಮುಂದೆ ಹೋಗುತ್ತಾ ನೋಡಿದರೆ, ನಾಲ್ಕು ಚಕ್ರದ ಮೇಲೆ ಕಾರು ನಿಂತು ದೀಪ ಹತ್ತಿಸಿಕೊಂಡಿದೆ! ಅಲ್ಲಿಂದ ನೇರ ನಮ್ಮ ಮನೆಗೆ ಬಂದರು. ಕೊಟ್ಟ ನೀರನ್ನೂ ಕುಡಿಯದೆ ಜಗಲಿಯ ಮೇಲಿಟ್ಟರು. ‘ಎಂತ ಮಾಡಿಬಿಟ್ರಿ ಹೂವಮ್ಮ, ಇದು ಗೊತ್ತಾದ್ರೆ ಮೋಸದ ಕೇಸು, ನಿಮಗೂ ನನಗೂ ಕೋಳ’ ಎಂದರು. ಫೈಲು ಮುಚ್ಚುವ ಮುಂಚೆ ಚಾಸಿ ನಂಬರು ನೋಡಲು ಅದೇ ಸರ್ವೇಯರು ನಾಡಿದ್ದು ಶುಕ್ರವಾರ ಶೆಡ್ಡಿಗೆ ಬರುತ್ತಾರಂತೆ. ಆವತ್ತಿನಿಂದ ಬೀದಿಯಲ್ಲಿ ಜೀಪಿನ ಸದ್ದಾದರೆ ಪೊಲೀಸರೇ ಬಂದರು ಅನಿಸುತ್ತದೆ. ನಿನ್ನೆ ಫಾರೆಸ್ಟಿನವರ ಜೀಪು ಬಂದರೂ ಹಿತ್ತಲಿಗೆ ಓಡಿದೆ. ನನ್ನನ್ನು ಎಳೆದೊಯ್ದರೆ ಅತ್ತೆಗೆ ಗಂಜಿ ಕಾಯಿಸುವವರಾರು, ಮಕ್ಕಳ ಗತಿಯೇನು, ಮಲಗಿದಲ್ಲೇ ನಿಮಗೆ ಸುದ್ದಿ ಮುಟ್ಟಿಸುವವರಾರು ಎಂದು ತಲೆ ತಿರುಗುತ್ತದೆ.

ಪಾರಾಗುವ ದಾರಿಯನ್ನೂ ಸುಬ್ಬರಾಯರೇ ಹೇಳಿದ್ದಾರೆ. ನಾನು ತೀರ್ಥಹಳ್ಳಿ ಪೊಲೀಸರಿಗೆ ಒಂದು ದೂರು ಬರೆದುಕೊಡಬೇಕು: ಗಂಡನ ಕಾರಿನ ಸಾಮಾನನ್ನು ಮಾಸ್ತಪ್ಪ, ಅವನ ಅಳಿಯ ಮತ್ತು ಕೇರಿಯವರು ಕದ್ದಿದ್ದರು, ನಾನು ಕೇಳಿ ಗದರಿಸಿದ ಮೇಲೆ ವಾಪಸು ಕೊಟ್ಟರು ಎಂದು. ಆಗ ನಾವು ಕಳೆದುಕೊಂಡವರಾಗುತ್ತೇವೆ, ಮೋಸ ಮಾಡಿದವರಲ್ಲ. ಕಾರೂ ನಮಗೇ ಉಳಿಯಬಹುದು. ‘ಮುದುಕ್ರು, ಎರಡು ದಿನ ಕೂರಿಸಿ ಬಿಡ್ತಾರೆ, ನೀವೆಂತಕ್ಕೆ ಯೋಚ್ನೆ ಮಾಡ್ತೀರಿ’ ಎಂದರು. ಅಳಿಯನ ಗಿರಣಿ ಕೆಲಸ ಹೋಗುವುದರ ಬಗ್ಗೆ ಏನೂ ಹೇಳಲಿಲ್ಲ. ನಾಳೆ ಬೆಳಿಗ್ಗೆ ದೂರು ಬರೆಸಿಕೊಂಡು ತರುತ್ತಾರೆ, ನಾನು ರುಜು ಹಾಕಿದರೆ ಮುಗಿಯಿತು. ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ? ಆ ಕಾರಿಗಾಗಿ ನೀವು ಎಂಟು ವರ್ಷ ಬೇರೆಯವರ ಲಾರಿ ಓಡಿಸಿದ್ದು ನನಗೆ ಗೊತ್ತು. ಕಾಲು ಸರಿಯಾದ ಮೇಲೆ ಆ ಸ್ಟೇರಿಂಗ್ ಹಿಡಿಯುತ್ತೇನೆ ಎಂಬುದೊಂದೇ ನಿಮಗೆ ಅಲ್ಲಿ ಆಸರೆ ಎಂಬುದೂ ಗೊತ್ತು. ಎರಡು ದಿನದಿಂದ ಇದನ್ನೇ ಯೋಚಿಸುತ್ತಾ ಸಾರಿಗೆ ಉಪ್ಪು ಎರಡೆರಡು ಸಲ ಹಾಕಿದ್ದೇನೆ. ನಿಮ್ಮ ಉತ್ತರ ಬರುವಷ್ಟರಲ್ಲಿ ಶುಕ್ರವಾರ ಕಳೆದಿರುತ್ತದೆ, ಆದರೂ ಬರೆಯದೆ ಇರಲಾರೆ.

ಮಕ್ಕಳಿಬ್ಬರೂ ನಿಮಗೆ ನಮಸ್ಕಾರ ಹೇಳಿದ್ದಾರೆ, ಚಿಕ್ಕವಳು ಅಪ್ಪನ ಕಾಲಿಗೆ ಒಂದು ಮುತ್ತನ್ನೂ ಸೇರಿಸಿದ್ದಾಳೆ. ಅತ್ತೆ ನಿಮ್ಮ ತಲೆ ಮುಟ್ಟಿದಂತೆ ಈ ಕಾಗದವನ್ನು ಮುಟ್ಟಿ ಹರಸಿದ್ದಾರೆ. ಡಾಕ್ಟರು ಹೇಳಿದಂತೆ ಕೇಳಿ, ಹಟ ಮಾಡಬೇಡಿ, ಪುಟ್ಟಪ್ಪ ತಂದದ್ದನ್ನು ಹೊಟ್ಟೆ ತುಂಬ ತಿನ್ನಿ. ದೇವರು ನಿಮ್ಮನ್ನು ಕಾಪಾಡಲಿ, ನಮ್ಮನ್ನೂ.

ಇಂತಿ ನಿಮ್ಮ
ಹೂವಮ್ಮ

ವಿ.ಸೂ.: ಗುರುವಾರ ಬೆಳಿಗ್ಗೆ ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ವಕ್ರವಾದರೆ ಬೈಯಬೇಡಿ. ಸುಬ್ಬರಾಯರು ದೂರು ತಂದಿದ್ದರು. ಅದರಲ್ಲಿ ಮಾಸ್ತಪ್ಪನ ಹೆಸರಿನ ಮುಂದೆ ‘ಕಳ್ಳ’ ಎಂದು ಬರೆದಿತ್ತು. ರುಜು ಹಾಕಲು ಕೈ ಬರಲಿಲ್ಲ. ಈಗ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದೇನೆ, ಸರ್ವೇಯರು ಬರುವ ಮುಂಚೆ ನಾನೇ ಕಂಪನಿಗೆ ಹೋಗುತ್ತೇನೆ. ಅಪಘಾತವಾದ ಎರಡನೇ ದಿನ, ನಿಮ್ಮನ್ನು ಮೊದಲು ಸೇರಿಸಿದ್ದ ತೀರ್ಥಹಳ್ಳಿ ಆಸ್ಪತ್ರೆಗೆ ನೋಡಲು ಬರುವಾಗ ಆ ತಿರುವಿನಲ್ಲಿ ಬಸ್ಸಿಳಿದು, ಸಾಮಾನು ಬಿಚ್ಚಿ ಅಡಗಿಸಿ, ಕೇಳಿದರೆ ಗೊತ್ತಿಲ್ಲ ಎನ್ನಿ ಎಂದು ಕೇರಿಯವರಿಗೆ ಹೇಳಿಕೊಟ್ಟವಳು ನಾನೇ ಎಂದು ಹೇಳುತ್ತೇನೆ. ಕಾರು ಹೋಗುತ್ತದೆ, ನನ್ನನ್ನು ಕ್ಷಮಿಸಿ. ಭಯ ಹೋಗಿಲ್ಲ, ಆದರೂ ಬಸ್ಸು ಹತ್ತುತ್ತೇನೆ. ಅವರು ಆಸ್ಪತ್ರೆಗೆ ಬಂದು ಕೇಳಿದರೆ ನೀವು ಬೇರೇನೂ ಹೇಳಬೇಡಿ. ನನಗೇನೂ ಗೊತ್ತಿರಲಿಲ್ಲ, ನನ್ನ ಹೆಂಡತಿ ಮೊದಲಿನಿಂದಲೂ ಅಂಥವಳೇ ಎನ್ನಿ.